ಶಾಲೆಗಳ ಬಗ್ಗೆ ತೀರ್ಮಾನ ಮಾಡುವ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ.

ನೀವು ಯಾವ ಪಕ್ಷದವರು, ಆಡಳಿತದಲ್ಲಿದ್ದೀರಾ ವಿರೋಧದಲ್ಲಿದ್ದೀರಾ ಅನ್ನೋದು ಈ ಪತ್ರಕ್ಕೆ ಮುಖ್ಯ ಅಲ್ಲ. ಜನ ಓಟು ಹಾಕಿ ನಿಮ್ಮನ್ನು ಕಳಿಸಿದ್ದಾರೆ. ಮಕ್ಕಳು ಏನು ಕಲಿಯಬೇಕು, ಯಾರು ಕಲಿಸಬೇಕು, ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಆಗುವಾಗ ಕೈ ಎತ್ತುವವರು ನೀವು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಾನು ಹಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಆಮೇಲೆ ಕೆಲವು ವರ್ಷ ಒಬ್ಬ ಚುನಾಯಿತ ಪ್ರತಿನಿಧಿಯ ಕಚೇರಿಯಲ್ಲಿದ್ದು ಶಿಕ್ಷಣದ ಕಡತಗಳಿಗೆ ಟಿಪ್ಪಣಿ ಬರೆದವಳು. ತರಗತಿಯಲ್ಲಿ ನಿಂತು ಮೇಲಿಂದ ಬರುವ ಆದೇಶಗಳನ್ನು ನೋಡಿದ್ದೇನೆ. ಮೇಲೆ ಕೂತು ತರಗತಿಯಿಂದ ಬರುವ ವರದಿಗಳನ್ನೂ ನೋಡಿದ್ದೇನೆ. ನಡುದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಒಂದು ದಿನದ ವಿಷಯ ಹೇಳುತ್ತೇನೆ. ನಮ್ಮ ಶಾಲೆಗೆ ಒಬ್ಬ ಪ್ರತಿನಿಧಿ ಬರುವವರಿದ್ದರು. ಒಂದು ವಾರ ಮೊದಲೇ ಸುದ್ದಿ ಬಂತು. ಗೋಡೆಗಳಿಗೆ ಬಣ್ಣ ಬಿತ್ತು. ಮೂರನೇ ತರಗತಿಯ ಒಬ್ಬ ಹುಡುಗನನ್ನು ಮುಂದಿನ ಬೆಂಚಿಗೆ ತಂದು ಕೂರಿಸಿದೆವು. ಅತಿಥಿಗಳು ಬಂದರು. 'ಎಲ್ಲಿ, ಓದು ನೋಡೋಣ' ಅಂದರು. ಅವನು ಎದ್ದು ನಿಂತು, ಪುಸ್ತಕ ಹಿಡಿದು, ಗಟ್ಟಿ ದನಿಯಲ್ಲಿ ಒಂದು ಪುಟ ಓದಿದ. ಎಲ್ಲೂ ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನ ಬೆರಳು ಮೂರನೇ ಸಾಲಿನ ಮೇಲಿತ್ತು, ಬಾಯಿ ಏಳನೇ ಸಾಲಿಗೆ ಹೋಗಿತ್ತು. ಇಡೀ ಪುಟ ಅವನಿಗೆ ಬಾಯಿಪಾಠ. ಪುಟ ತಿರುಗಿಸಿ ಕೊಟ್ಟಿದ್ದರೆ ಮೊದಲ ಪದವನ್ನೂ ಓದಲು ಅವನಿಂದ ಆಗುತ್ತಿರಲಿಲ್ಲ.

ಯಾರೂ ಪುಟ ತಿರುಗಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. 'ಇಲ್ಲಿ ಮಕ್ಕಳು ಚೆನ್ನಾಗಿ ಓದುತ್ತಾರೆ' ಅಂತ ಭೇಟಿಯ ವರದಿಯಲ್ಲಿ ಬರೆಯಲಾಯಿತು.

ಆ ವರದಿ ಪೂರ್ತಿ ಸುಳ್ಳು ಅಂತ ಹೇಳುವಂತಿಲ್ಲ. ಮಗು ಓದಿದ್ದನ್ನು ಕಣ್ಣಾರೆ ಕಂಡವರೇ ಬರೆದದ್ದು. ಆದರೆ ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಅತಿಥಿ ಖುಷಿಯಾಗಿ ಹೋಗಬೇಕಿತ್ತು. ನಿಮಗೆ ಬರುವ ಮಾಹಿತಿಯೆಲ್ಲ ಹೆಚ್ಚು ಕಡಿಮೆ ಹೀಗೇ ಬರುತ್ತದೆ. ತಂದುಕೊಡುವವರಿಗೆ ನಿಮ್ಮಿಂದ ಏನೋ ಒಂದು ಆಗಬೇಕಿರುತ್ತದೆ. ಒಬ್ಬರಿಗೆ ಅನುದಾನ, ಒಬ್ಬರಿಗೆ ಟೆಂಡರ್, ಒಬ್ಬರಿಗೆ ವರ್ಗಾವಣೆ, ಇನ್ನೊಬ್ಬರಿಗೆ ಬರೀ ಒಂದು ಶಹಬ್ಬಾಸ್.

ಪರಿಣಾಮ ಏನಾಗಿದೆ ನೋಡಿ. ಶಿಕ್ಷಣಕ್ಕೆ ಸಂಬಂಧಪಟ್ಟ 900ಕ್ಕೂ ಹೆಚ್ಚು ಹಿರಿಯ ಅಧಿಕಾರಿಗಳನ್ನು 35 ದೇಶಗಳಲ್ಲಿ ಕೇಳಿ ಮಾಡಿದ ಒಂದು ಸಮೀಕ್ಷೆ ಇದೆ. ನಿಮ್ಮ ದೇಶದಲ್ಲಿ 10 ವರ್ಷದ ಮಕ್ಕಳಲ್ಲಿ ಎಷ್ಟು ಮಂದಿಗೆ ಓದಲು ಬರುತ್ತದೆ ಅಂತ ಕೇಳಿದಾಗ ಅವರಲ್ಲಿ ಹೆಚ್ಚಿನವರು ಹೇಳಿದ ಅಂಕಿ ವಾಸ್ತವಕ್ಕಿಂತ ತುಂಬಾ ಮೇಲಿತ್ತು. ಇದು ಅವರ ಕೆಟ್ಟತನ ಅಂತ ನಾನು ಹೇಳೋದಿಲ್ಲ. ಅವರಿಗೂ ಅದೇ ಮೊದಲ ಬೆಂಚು ಕಾಣಿಸಿದೆ. ಅತ್ತ ವಿಶ್ವ ಬ್ಯಾಂಕ್ ಮತ್ತು ಅದರ ಜೊತೆಗಾರ ಸಂಸ್ಥೆಗಳು 2022ರಲ್ಲಿ ಕೊಟ್ಟ ಅಂದಾಜು ಹೀಗಿದೆ: ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10 ವರ್ಷದ ಮಕ್ಕಳಲ್ಲಿ ಸುಮಾರು 70 ಶೇಕಡಾ ಮಂದಿಗೆ ಒಂದು ಸರಳ ಬರಹವನ್ನು ಓದಿ ಅರ್ಥ ಮಾಡಿಕೊಳ್ಳಲು ಬರೋದಿಲ್ಲ. ಹತ್ತರಲ್ಲಿ ಏಳು ಮಕ್ಕಳು. ಅವರಲ್ಲಿ ಬಹಳ ಮಂದಿ ದಿನಾ ಶಾಲೆಗೆ ಬಂದು ಕೂರುವವರೇ.

ಕಚೇರಿಗೆ ಸೇರಿದ ಮೇಲೆ ನನಗೆ ಇನ್ನೊಂದು ವಿಷಯ ಅರ್ಥವಾಯಿತು. ಮಾಹಿತಿ ಇರಲಿಲ್ಲ ಅಂತಲ್ಲ, ಕಪಾಟಿನ ತುಂಬ ಇತ್ತು. ಆದರೆ ಅದನ್ನು ಯಾವಾಗ ಕೇಳುತ್ತಿದ್ದರು ಗೊತ್ತಾ? ಸಂಜೆ ವೇದಿಕೆಯ ಮೇಲೆ ಯೋಜನೆ ಘೋಷಣೆ ಆಗುತ್ತಿತ್ತು. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಚೀಟಿ ಬರುತ್ತಿತ್ತು: ಇದಕ್ಕೆ ಪೂರಕವಾದ ಅಂಕಿ ಅಂಶ ಹುಡುಕಿ ಕೊಡಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಾನು ಹುಡುಕುತ್ತಿದ್ದೆ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಯಾವ ಯೋಜನೆಯನ್ನು ಬೇಕಾದರೂ ಹೊಗಳುವ ಒಂದು ವರದಿ ಜಗತ್ತಿನ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ನಿಮ್ಮಲ್ಲಿ ನಾನು ಕೇಳಿಕೊಳ್ಳೋದು ಒಂದೇ. ಆ ಚೀಟಿ ಘೋಷಣೆಗೆ ಒಂದು ತಿಂಗಳು ಮೊದಲು ಬರಲಿ. ಅದರಲ್ಲಿ 'ಇದಕ್ಕೆ ಪೂರಕವಾದ ಅಂಕಿ ಕೊಡಿ' ಅಂತ ಇರೋದು ಬೇಡ. 'ಇದನ್ನು ಬೇರೆ ಎಲ್ಲಿ ಮಾಡಿ ನೋಡಿದ್ದಾರೆ, ಏನಾಯಿತು, ಯಾಕಾಯಿತು' ಅಂತ ಇರಲಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಶಿಕ್ಷಣದಲ್ಲಿ ಕೇಳಿದ ಕೂಡಲೇ 'ಹೌದಲ್ವಾ' ಅನ್ನಿಸುವ ವಿಷಯಗಳೇ ಜಾಸ್ತಿ ಕೈ ಕೊಟ್ಟಿವೆ. ಪುಸ್ತಕದ ಕಥೆಯನ್ನೇ ತಗೊಳ್ಳಿ. ಮಕ್ಕಳ ಹತ್ತಿರ ಪಠ್ಯಪುಸ್ತಕ ಇಲ್ಲ, ಪುಸ್ತಕ ಕೊಟ್ಟರೆ ಕಲಿಯುತ್ತಾರೆ. ಇದರಲ್ಲಿ ಅನುಮಾನಪಡೋಕೆ ಏನಿದೆ? ಕೀನ್ಯಾದ ಹಳ್ಳಿ ಶಾಲೆಗಳಲ್ಲಿ 1990ರ ದಶಕದಲ್ಲಿ ಇದನ್ನು ನಿಜವಾಗಿ ಪರೀಕ್ಷೆ ಮಾಡಿ ನೋಡಿದರು. ಲಾಟರಿ ಎತ್ತಿದ ಹಾಗೆ ಕೆಲವು ಶಾಲೆಗಳನ್ನು ಆರಿಸಿ ಅವುಗಳಿಗೆ ಮೊದಲು ಪುಸ್ತಕ ಕೊಟ್ಟರು, ಉಳಿದವುಗಳ ಜೊತೆ ಹೋಲಿಸಿದರು. ಮೈಕಲ್ ಕ್ರೆಮರ್ ಆ ತಂಡದಲ್ಲಿದ್ದರು. ಅವರಿಗೆ ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಫಲಿತಾಂಶ ನೋಡಿದರೆ ಸರಾಸರಿ ಅಂಕ ಏರಲೇ ಇಲ್ಲ. ಮೊದಲೇ ಮುಂದಿದ್ದ ಕೆಲವು ಮಕ್ಕಳಿಗೆ ಮಾತ್ರ ಲಾಭ ಆಯಿತು. ಕಾರಣ ಏನು ಗೊತ್ತಾ? ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಲ್ಲಿನ ಬಹಳ ಮಕ್ಕಳಿಗೆ ಇಂಗ್ಲಿಷ್ ಮೂರನೇ ಭಾಷೆ. ಪುಸ್ತಕ ಕೈಗೆ ಬಂತು, ಓದಲು ಬರಲಿಲ್ಲ.

ಪುಸ್ತಕ ಕೊಡಬೇಡಿ ಅಂತ ಇದರ ಅರ್ಥ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಪುಸ್ತಕ ಯಾವ ಭಾಷೆಯಲ್ಲಿದೆ, ಯಾವ ಮಟ್ಟದಲ್ಲಿದೆ, ಕೂತಿರುವ ಮಗು ಯಾವ ಮಟ್ಟದಲ್ಲಿದೆ ಅಂತ ಯಾರೂ ಮೊದಲು ಕೇಳಿರಲಿಲ್ಲ ಅನ್ನೋದು ವಿಷಯ.

ಅದೇ ಕೀನ್ಯಾದಲ್ಲಿ ಗೋಡೆಗೆ ತೂಗುಹಾಕುವ ಚಾರ್ಟುಗಳ ಬಗ್ಗೆಯೂ ಒಂದು ಅಧ್ಯಯನ ಆಯಿತು. ಚಾರ್ಟು ಇರುವ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ನೆ ಹೋಲಿಸಿದರೆ ಚಾರ್ಟಿನಿಂದ ಭಾರೀ ಲಾಭ ಅಂತ ಕಾಣಿಸುತ್ತಿತ್ತು. ಲಾಟರಿಯಲ್ಲಿ ಆರಿಸಿದ ಶಾಲೆಗಳಿಗೆ ಕೊಟ್ಟು ನೋಡಿದಾಗ ಲಾಭ ಏನೂ ಕಾಣಲಿಲ್ಲ. ಚಾರ್ಟು ಮೊದಲೇ ಇದ್ದ ಶಾಲೆಗಳು ಬೇರೆ ಹಲವು ರೀತಿಯಲ್ಲೂ ಮುಂದಿದ್ದವು, ಅಷ್ಟೇ. ನಿಮ್ಮ ಮುಂದೆ ಯಾರಾದರೂ 'ಇದನ್ನು ಬಳಸುವ ಶಾಲೆಗಳಲ್ಲಿ ಫಲಿತಾಂಶ ಇಷ್ಟು ಶೇಕಡಾ ಜಾಸ್ತಿ' ಅಂತ ಬಣ್ಣಬಣ್ಣದ ಪಟ್ಟಿ ಇಟ್ಟಾಗ ಈ ಚಾರ್ಟನ್ನು ನೆನಪಿಸಿಕೊಳ್ಳಿ. ಆ ಶಾಲೆಗಳು ಮೊದಲು ಹೇಗಿದ್ದವು ಅಂತ ಕೇಳಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಆಗಬಾರದು.

ಪೆರುವಿನಲ್ಲಿ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಕೊಟ್ಟರು. 319 ಶಾಲೆಗಳನ್ನು ಹಿಡಿದು ಅಧ್ಯಯನ ಮಾಡಿದಾಗ, ಒಂದು ವರ್ಷದ ಮೇಲಾದರೂ ಗಣಿತದಲ್ಲಿ, ಭಾಷೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಫೋಟೋ ಮಾತ್ರ ಎಲ್ಲಾ ಕಡೆ ಚೆನ್ನಾಗಿ ಬಂತು. ಲ್ಯಾಪ್‌ಟಾಪಿನ ಜೊತೆ ಪಾಠ ಹೇಗೆ ಬದಲಾಗಬೇಕು ಅಂತ ಶಿಕ್ಷಕರಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ.

ಸಂಬಳದ ವಿಷಯ ಬರೆಯಲು ನನಗೆ ಸ್ವಲ್ಪ ಕಷ್ಟ. ನಾನೂ ಶಿಕ್ಷಕಿ. ಆದರೂ ಬರೆಯಬೇಕು. ಇಂಡೋನೇಷ್ಯಾದಲ್ಲಿ 2005ರ ಕಾನೂನಿನ ನಂತರ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲ ಸಂಬಳ ದುಪ್ಪಟ್ಟಾಯಿತು. ಅವರಿಗೆ ಸಮಾಧಾನ ಆಯಿತು, ಸಾಲದ ಒತ್ತಡ ಕಡಿಮೆಯಾಯಿತು, ಎರಡನೇ ಕೆಲಸಕ್ಕೆ ಓಡೋದು ತಗ್ಗಿತು. ಇವೆಲ್ಲ ಒಳ್ಳೆಯದೇ. ಆದರೆ ಎರಡು ಮೂರು ವರ್ಷ ಆದ ಮೇಲೂ ಅವರ ಮಕ್ಕಳ ಕಲಿಕೆ ಏರಿರಲಿಲ್ಲ. ಶಿಕ್ಷಕರಿಗೆ ಮರ್ಯಾದೆಯ ಸಂಬಳ ಬೇಕೇ ಬೇಕು. ಅದು ಅವರ ಹಕ್ಕು ಅಂತ ಹೇಳಿ ಕೊಡಿ. ಮಕ್ಕಳ ಓದು ಸುಧಾರಿಸಲಿ ಅಂತ ಇಟ್ಟ ದುಡ್ಡನ್ನು ಇದಕ್ಕೆ ಹಾಕಿ, ಐದು ವರ್ಷ ಬಿಟ್ಟು 'ಯಾಕೆ ಸುಧಾರಿಸಲಿಲ್ಲ' ಅಂತ ಶಿಕ್ಷಕರ ಮೇಲೇ ಗೂಬೆ ಕೂರಿಸೋದು ಬೇಡ.

ಇಷ್ಟು ಓದಿ, ಹಾಗಾದರೆ ಯಾವುದೂ ಕೆಲಸ ಮಾಡೋದಿಲ್ಲವೇ ಅಂತ ನಿಮಗೆ ಅನ್ನಿಸಬಹುದು. ಮಾಡುತ್ತದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಈ ಒಂದು ಕಥೆ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ ಪ್ರಥಮ್ ಅನ್ನುವ ಸಂಸ್ಥೆ ಒಂದು ಸರಳ ಕೆಲಸ ಮಾಡಿತು. ಮೂರು ಮತ್ತು ನಾಲ್ಕನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕ ಕೂರಿಸಿತು. ಕಲಿಸಿದವರು ಅದೇ ಸುತ್ತಮುತ್ತಲಿನ ಹೆಣ್ಣುಮಕ್ಕಳು. ಅವರನ್ನು ಬಾಲಸಖಿ ಅಂತ ಕರೆಯುತ್ತಿದ್ದರು. ದೊಡ್ಡ ಡಿಗ್ರಿ ಏನೂ ಇರಲಿಲ್ಲ, ತರಬೇತಿಯೂ ಕೆಲವೇ ದಿನದ್ದು. ಅವರು ಸಿಲಬಸ್ ಬದಿಗಿಟ್ಟು ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡಿದರು. ಅಕ್ಷರ ಗೊತ್ತಿಲ್ಲದ ಮಗುವಿಗೆ ಅಕ್ಷರ. ಕೂಡುವುದು ಗೊತ್ತಿಲ್ಲದ ಮಗುವಿಗೆ ಕೂಡುವುದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು 2001ರಿಂದ 2003ರವರೆಗೆ ಇದನ್ನು ಅಳೆದು ನೋಡಿದರು. ಮಕ್ಕಳು ನಿಜವಾಗಿ ಕಲಿತಿದ್ದರು, ಎಲ್ಲರಿಗಿಂತ ಹಿಂದೆ ಇದ್ದವರೇ ಜಾಸ್ತಿ.

ಇಲ್ಲಿಗೆ ನಿಲ್ಲಿಸಿದರೆ ಇದೂ ಒಂದು ಚಂದದ ಕಥೆ ಆಗಿಬಿಡುತ್ತದೆ. ಮುಂದೆ ಆದದ್ದನ್ನು ಗಮನಿಸಿ. ಅದೇ ವಿಧಾನವನ್ನು ಬಿಹಾರದಲ್ಲಿ ಸರ್ಕಾರಿ ಶಿಕ್ಷಕರಿಗೆ ತರಬೇತಿ ಕೊಟ್ಟು, ಸಾಮಗ್ರಿ ಕೊಟ್ಟು, 'ತರಗತಿಯಲ್ಲಿ ಮಾಡಿ' ಅಂತ ಬಿಟ್ಟರು. ಏನೂ ಆಗಲಿಲ್ಲ. ಅದೇ ಸರ್ಕಾರಿ ಶಿಕ್ಷಕರು ಬೇಸಿಗೆ ಶಿಬಿರದಲ್ಲಿ ಅದೇ ವಿಧಾನದಲ್ಲಿ ಕಲಿಸಿದಾಗ ಮಕ್ಕಳು ಕಲಿತರು! ಅಂದರೆ ಶಿಕ್ಷಕರಿಗೆ ಕೆಲಸ ಗೊತ್ತಿತ್ತು. ಶಾಲೆ ನಡೆಯುವಾಗ ಅವರ ತಲೆಯ ಮೇಲೆ ಪೋರ್ಷನ್ ಮುಗಿಸುವ ಕತ್ತಿ ತೂಗುತ್ತಿತ್ತು. ಪಠ್ಯಪುಸ್ತಕ ಮುಗಿಸಬೇಕೋ, ಹಿಂದಿರುವ ಮಗುವಿನ ಜೊತೆ ಕೂರಬೇಕೋ? ಇನ್‌ಸ್ಪೆಕ್ಟರ್ ಬಂದರೆ ಕೇಳೋದು ಎಷ್ಟನೇ ಪಾಠದಲ್ಲಿದ್ದೀರಿ ಅಂತ. ಯಾವ ಮಗುವಿಗೆ ಓದಲು ಬರೋದಿಲ್ಲ ಅಂತ ಕೇಳೋದಿಲ್ಲ. ಈ ಕತ್ತಿ ನನಗೆ ಗೊತ್ತು. ನಾನು ಅದರ ಕೆಳಗೇ ಪಾಠ ಮಾಡಿದ್ದೇನೆ.

ಆಮೇಲೆ ಹರಿಯಾಣದಲ್ಲಿ, 2012–13ರಲ್ಲಿ, ಶಾಲೆಯ ದಿನಕ್ಕೆ ಒಂದು ಗಂಟೆ ಪ್ರತ್ಯೇಕವಾಗಿ ಸೇರಿಸಿದರು. ಆ ಗಂಟೆಯಲ್ಲಿ ಸಿಲಬಸ್ ಇಲ್ಲ. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ವಯಸ್ಸು ಬಿಟ್ಟು ಓದುವ ಮಟ್ಟದ ಮೇಲೆ ಗುಂಪು ಮಾಡಿದರು. ಮೇಲ್ವಿಚಾರಣೆ ಮಾಡುವ ಅಧಿಕಾರಿಗಳು ಮೊದಲು ತಾವೇ ಕೆಲವು ದಿನ ಮಕ್ಕಳಿಗೆ ಕಲಿಸಿ ನೋಡಿದರು. ಆಗ ಮಕ್ಕಳ ಓದು ಮೇಲೇರಿತು.

ವಿಧಾನ ಒಂದೇ. ಒಂದು ಕಡೆ ಸೋತಿತು, ಒಂದು ಕಡೆ ಗೆದ್ದಿತು. ವ್ಯತ್ಯಾಸ ಇದ್ದದ್ದು ಒಂದು ಗಂಟೆಯ ಹಕ್ಕಿನಲ್ಲಿ ಮತ್ತು ಬಂದು ನೋಡುವ ಅಧಿಕಾರಿ ಏನು ಕೇಳುತ್ತಾನೆ ಅನ್ನೋದರಲ್ಲಿ. ಇವೆರಡೂ ನಿಮ್ಮ ಕೈಯಲ್ಲಿರುವ ವಿಷಯ. ಯಾವ ಶಿಕ್ಷಕಿಯೂ ತಾನೇ ತೀರ್ಮಾನ ಮಾಡಿ ಸಿಲಬಸ್ಸಿನಿಂದ ಒಂದು ಗಂಟೆ ಬಿಡಿಸಿಕೊಳ್ಳಲು ಆಗೋದಿಲ್ಲ.

'ಅಲ್ಲಿ ಯಶಸ್ವಿ ಆಗಿದೆ' ಅಂದ ಕೂಡಲೇ ಎದ್ದು ನಿಲ್ಲಬೇಡಿ ಅನ್ನೋದು ಇದಕ್ಕೇ. ಅಮೆರಿಕದ ಟೆನೆಸಿ ರಾಜ್ಯದ ಕಥೆ ನಿಮ್ಮಂಥ ಪ್ರತಿನಿಧಿಗಳದ್ದೇ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಕಡಿಮೆ ಮಾಡಿದರೆ ಲಾಭ ಇದೆಯಾ ಅಂತ ಅಲ್ಲಿ ಚರ್ಚೆ ಬಂತು. ಅಲ್ಲಿನ ಶಾಸನಸಭೆ ವಾದ ಮಾಡುತ್ತಾ ಕೂರಲಿಲ್ಲ, ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿತು. 1985ರಿಂದ ನಾಲ್ಕು ವರ್ಷ, 11,000ಕ್ಕೂ ಹೆಚ್ಚು ಮಕ್ಕಳು. ಕೆಲವರು 13ರಿಂದ 17 ಮಕ್ಕಳಿರುವ ತರಗತಿಯಲ್ಲಿ, ಕೆಲವರು 22ರಿಂದ 25 ಮಕ್ಕಳಿರುವ ತರಗತಿಯಲ್ಲಿ. ಯಾರು ಎಲ್ಲಿ ಅನ್ನೋದು ಲಾಟರಿ. ಚಿಕ್ಕ ತರಗತಿಯ ಮಕ್ಕಳು ಮುಂದೆ ಬಂದರು, ಬಡ ಮತ್ತು ಕಪ್ಪು ಮಕ್ಕಳಿಗೆ ಇನ್ನೂ ಹೆಚ್ಚು ಲಾಭ ಆಯಿತು. ಒಂದು ಸದನ ತನ್ನ ಅನುಮಾನವನ್ನು ಹೀಗೆ ಬಗೆಹರಿಸಿಕೊಂಡದ್ದು ನನಗೆ ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

1996ರಲ್ಲಿ ಕ್ಯಾಲಿಫೋರ್ನಿಯಾ ಅದೇ ಮಾತನ್ನು ಹಿಡಿದುಕೊಂಡು, ಇಡೀ ರಾಜ್ಯದ ಕೆಳಗಿನ ತರಗತಿಗಳನ್ನು 20 ಮಕ್ಕಳಿಗೆ ಇಳಿಸಲು ಹೊರಟಿತು. ಬೇಸಿಗೆಯಲ್ಲಿ ಕಾನೂನು ಆಯಿತು, ಶಾಲೆ ಶುರುವಾಗುವ ಹೊತ್ತಿಗೆ ಜಾರಿಯೂ ಆಗಬೇಕಿತ್ತು. ಒಮ್ಮೆಗೇ ಸಾವಿರಾರು ಶಿಕ್ಷಕರು ಬೇಕಾದರು. ಕೋಣೆಗಳೂ ಬೇಕಾದವು. ಪೂರ್ತಿ ಅರ್ಹತೆ ಇಲ್ಲದವರನ್ನು ತಗೊಳ್ಳಬೇಕಾಯಿತು. ಅನುಭವಿಗಳು ಅನುಕೂಲಸ್ಥ ಶಾಲೆಗಳ ಕಡೆ ಹೋದರು. ಬಡ ಮಕ್ಕಳ ಶಾಲೆಗಳಿಗೆ ಹೊಸಬರು, ಅರೆಬರೆ ತಯಾರಾದವರು ಬಂದರು. ಟೆನೆಸಿಯಲ್ಲಿ ಯಾರಿಗೆ ಹೆಚ್ಚು ಲಾಭ ಆಗಿತ್ತೋ ಇಲ್ಲಿ ಅವರಿಗೇ ಪೆಟ್ಟು ಬಿತ್ತು. ಟೆನೆಸಿಯ ಅಧ್ಯಯನದಲ್ಲಿ ತಪ್ಪೇನೂ ಇರಲಿಲ್ಲ. 'ಇಷ್ಟು ಶಿಕ್ಷಕರು ಎಲ್ಲಿದ್ದಾರೆ' ಅನ್ನುವ ಪ್ರಶ್ನೆಯನ್ನು ಅವಸರ ನುಂಗಿಹಾಕಿತ್ತು.

ಈ ಪ್ರಶ್ನೆಗಳನ್ನೆಲ್ಲ ನೀವೇ ಕೂತು ಹುಡುಕಬೇಕು ಅಂತ ನಾನು ಹೇಳುತ್ತಿಲ್ಲ. ನಿಮ್ಮ ದಿನ ನನಗೆ ಗೊತ್ತು. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ಜನ. ನಡುವೆ ಸಭೆ, ಮದುವೆ, ಸಾವು, ಫೋನು. ರಾತ್ರಿ ಕಾರಿನಲ್ಲಿ ಓದಲು 200 ಪುಟದ ಕಡತ. ಅದನ್ನು ಯಾರು ಓದುತ್ತಾರೆ? ನಿಮಗೆ ಬೇಕಿರುವುದು, ನಿಮ್ಮ ಒಪ್ಪಿಗೆಯ ಹಂಗು ಇಲ್ಲದ ಒಬ್ಬರು. ನೀವು ಹೂಂ ಅಂದರೂ ಊಹೂಂ ಅಂದರೂ ಅವರ ಸಂಬಳಕ್ಕೆ, ಸ್ಥಾನಕ್ಕೆ ಏನೂ ಆಗಬಾರದು.

ಇದು ಆಗದ ಮಾತೇನಲ್ಲ. ಬ್ರಿಟನ್ನಿನ ಸಂಸತ್ತಿಗೆ 1989ರಿಂದ ಇಂಥದ್ದೊಂದು ಕಚೇರಿ ಇದೆ. ವಿಜ್ಞಾನ ಮತ್ತು ತಂತ್ರಜ್ಞಾನದ ವಿಷಯಗಳಿಗೆ ಅಂತ ಶುರುವಾದದ್ದು. ಯಾವ ಪಕ್ಷಕ್ಕೂ ಸೇರದ ಜನ ಚಿಕ್ಕ ಚಿಕ್ಕ ಟಿಪ್ಪಣಿ ಬರೆದು ಎಲ್ಲಾ ಸದಸ್ಯರಿಗೂ ಒಂದೇ ಥರ ಕೊಡುತ್ತಾರೆ. ಅಮೆರಿಕದ ಸಂಸತ್ತಿಗೂ 1972ರಲ್ಲಿ ಅಂಥ ಕಚೇರಿ ಆಗಿತ್ತು. 1995ರಲ್ಲಿ ಅದಕ್ಕೆ ದುಡ್ಡು ನಿಲ್ಲಿಸಿದರು, ಬಾಗಿಲು ಮುಚ್ಚಿತು. ಖರ್ಚು ಉಳಿಸಿದೆವು ಅಂದರು. ಪ್ರತಿನಿಧಿಗಳು ಮತ್ತೆ ಲಾಬಿ ಮಾಡುವವರ ಕಾಗದಗಳನ್ನೇ ನೆಚ್ಚಬೇಕಾದರೆ ಅದು ಉಳಿತಾಯ ಹೇಗಾಗುತ್ತದೆ? ಇಂಗ್ಲೆಂಡಿನಲ್ಲಿ 2011ರಲ್ಲಿ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್ ಅಂತ ಒಂದು ಸಂಸ್ಥೆ ಶುರುವಾಯಿತು. ಅದು ಶಾಲೆಗಳಲ್ಲಿ ಹೊಸ ಹೊಸ ಕ್ರಮಗಳನ್ನು ಪರೀಕ್ಷೆ ಮಾಡಿಸುತ್ತದೆ. ನನಗೆ ಅದರಲ್ಲಿ ಹಿಡಿಸಿದ ವಿಷಯ ಅಂದರೆ, ಸೋತ ಪರೀಕ್ಷೆಯ ಫಲಿತಾಂಶವನ್ನೂ ಪ್ರಕಟಿಸುತ್ತದೆ.

ದೊಡ್ಡ ಕಚೇರಿ ಆಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಬಳಿ ಟಿಪ್ಪಣಿ ಬರೆಯುವ ಹುಡುಗಿಗೋ ಹುಡುಗನಿಗೋ ಒಂದು ಮಾತು ಹೇಳಿ. ಎರಡು ಪುಟ ಸಾಕು. ಈಗ ಮಕ್ಕಳ ಸ್ಥಿತಿ ಏನು, ಬೇರೆ ಕಡೆ ಮಾಡಿದವರಿಗೆ ಏನಾಯಿತು, ನಮ್ಮಲ್ಲಿ ಯಾರು ಮಾಡುತ್ತಾರೆ, ಅವರ ಈಗಿನ ಯಾವ ಕೆಲಸ ಬಿಡಿಸುತ್ತೇವೆ. ಕೊನೆಯಲ್ಲಿ 'ನಮಗೆ ಗೊತ್ತಿಲ್ಲದ್ದು' ಅಂತ ಒಂದು ಪ್ಯಾರಾ ಇರಲೇಬೇಕು. ಆ ಪ್ಯಾರಾ ಬರೆದದ್ದಕ್ಕೆ ಬೈಗುಳ ಬೀಳೋದಿಲ್ಲ ಅಂತ ಅವರಿಗೆ ನಂಬಿಕೆ ಬರಬೇಕು. ನಾನು ಬರೆದ ಟಿಪ್ಪಣಿಗಳಲ್ಲಿ ಒಂದು ಸಲ ಅಂಥ ಪ್ಯಾರಾ ಹಾಕಿದ್ದೆ. 'ಇದು ತೆಗೆಯಿರಿ, ನೋಡೋಕೆ ಚೆನ್ನಾಗಿರಲ್ಲ' ಅಂದರು. ತೆಗೆದೆ. ಆಮೇಲೆ ಯಾವತ್ತೂ ಹಾಕಲಿಲ್ಲ.

ಎಲ್ಲರಿಗೂ ಒಮ್ಮೆಗೇ ಕೊಡಬೇಕು, ಇಲ್ಲದಿದ್ದರೆ ಜನ ಕೇಳುತ್ತಾರೆ ಅನ್ನುವ ಕಷ್ಟ ನಿಮಗಿದೆ. ನಿಜ. ಆದರೆ ಹೆಚ್ಚಿನ ಸಲ ಎಲ್ಲರಿಗೂ ಒಮ್ಮೆಗೇ ಕೊಡುವಷ್ಟು ದುಡ್ಡು ಹೇಗೂ ಇರೋದಿಲ್ಲ. ಮೆಕ್ಸಿಕೋ 1997ರಲ್ಲಿ ಬಡ ಕುಟುಂಬಗಳಿಗೆ, ಮಕ್ಕಳು ಶಾಲೆಗೆ ಹೋಗಬೇಕು ಅನ್ನುವ ಷರತ್ತಿನ ಮೇಲೆ ಹಣ ಕೊಡಲು ಹೊರಟಾಗ ಇದೇ ಕಷ್ಟ ಇತ್ತು. ಅಧ್ಯಯನಕ್ಕೆ 506 ಹಳ್ಳಿಗಳನ್ನು ತಗೊಂಡರು. 320ಕ್ಕೆ ಮೊದಲು, 186ಕ್ಕೆ ಸ್ವಲ್ಪ ಕಾಲ ಆದ ಮೇಲೆ. ಯಾರು ಮೊದಲು ಅನ್ನೋದನ್ನು ಲಾಟರಿಗೆ ಬಿಟ್ಟರು. ಯಾರ ಶಿಫಾರಸೂ ನಡೆಯಲಿಲ್ಲ. ಮಕ್ಕಳು, ಅದರಲ್ಲೂ ದೊಡ್ಡ ಹೆಣ್ಣುಮಕ್ಕಳು, ಶಾಲೆಯಲ್ಲಿ ಉಳಿದರು ಅಂತ ಸ್ಪಷ್ಟವಾಗಿ ಕಂಡಿತು. 2000ದಲ್ಲಿ ಸರ್ಕಾರ ಬದಲಾಯಿತು. ಹೊಸಬರು ಯೋಜನೆಯ ಹೆಸರು ಬದಲಿಸಿದರು, ಯೋಜನೆ ಉಳಿಯಿತು. ಪುರಾವೆ ಅಷ್ಟು ಗಟ್ಟಿ ಇತ್ತು. ನಿಮ್ಮ ಕೆಲಸ ನಿಮ್ಮ ಅವಧಿಯ ನಂತರವೂ ಉಳಿಯಬೇಕು ಅಂತ ನಿಮಗೂ ಆಸೆ ಇರುತ್ತದೆ ಅಲ್ವಾ?

ಅಂಕಿಯ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳ ಅಂಕಕ್ಕೆ ಶಿಕ್ಷಕರ ಕೆಲಸ, ಬಹುಮಾನ ಕಟ್ಟಿಹಾಕಿದರೆ ಅಂಕ ಏರುತ್ತದೆ, ಓದು ಏರಬೇಕು ಅಂತ ಏನೂ ಇಲ್ಲ. ಅಮೆರಿಕದ ಅಟ್ಲಾಂಟಾ ನಗರದಲ್ಲಿ 2011ರಲ್ಲಿ ಹೊರಬಂದ ತನಿಖೆಯಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯಸ್ಥರ ಹೆಸರು ಬಂತು. ಮಕ್ಕಳ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದು ಅವರ ಮೇಲಿದ್ದ ಆರೋಪ. ಆ ಅಂಕಿಗಳನ್ನು ನಂಬಿ ಎಷ್ಟು ವರ್ಷ ಎಷ್ಟು ತೀರ್ಮಾನ ಆಗಿರಬೇಡ! ಅಳಿಸಿದ ಆ ಹಾಳೆಗಳ ಮಕ್ಕಳಿಗೆ ಸಹಾಯ ಬೇಕಿತ್ತು. ಹಾಳೆ ನೋಡಿದರೆ ಬೇಡ ಅಂತ ಕಾಣುತ್ತಿತ್ತು. ನೀತಿಗೆ ಬೇಕಾದ ಅಂಕಿಯನ್ನು ಯಾರಿಗೂ ಶಿಕ್ಷೆ ಆಗದ ರೀತಿಯಲ್ಲಿ, ಕೆಲವೇ ಶಾಲೆಗಳ ಮಾದರಿ ತೆಗೆದು, ಹೊರಗಿನವರಿಂದ ಅಳೆಸಿ.

ಇನ್ನು, ಪುರಾವೆ ನಿಮ್ಮ ಬದಲು ತೀರ್ಮಾನ ಮಾಡಿಬಿಡುತ್ತದೆ ಅಂತ ಹೆದರಬೇಡಿ. ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು, ಇತಿಹಾಸದಲ್ಲಿ ಏನಿರಬೇಕು, ಇದ್ದ ದುಡ್ಡು ಅಂಗವಿಕಲ ಮಕ್ಕಳಿಗೆ ಮೊದಲೋ ಅಂಗನವಾಡಿ ವಯಸ್ಸಿನವರಿಗೆ ಮೊದಲೋ ಅನ್ನೋದನ್ನು ಯಾವ ಅಧ್ಯಯನವೂ ಪೂರ್ತಿ ಹೇಳೋದಿಲ್ಲ. ಅದು ಜನ ನಿಮಗೆ ವಹಿಸಿದ ಕೆಲಸ. ದಾರಿ ಯಾವ ಊರಿಗೆ ಅಂತ ನೀವೇ ಹೇಳಿ. ಸೇತುವೆ ಗಟ್ಟಿ ಇದೆಯಾ ಅಂತ ಮಾತ್ರ ಗೊತ್ತಿದ್ದವರನ್ನು ಮೊದಲೇ ಕೇಳಿ.

ಪ್ರತಿನಿಧಿಗಳು ಕೇಳೋದಿಲ್ಲ, ಅವರಿಗೆ ಓಟು ಬಿಟ್ಟರೆ ಏನೂ ಬೇಡ ಅಂತ ಹೇಳುವವರು ಬಹಳ ಇದ್ದಾರೆ. ನಾನು ಒಪ್ಪೋದಿಲ್ಲ. ಬ್ರೆಜಿಲ್‌ನಲ್ಲಿ 2,150 ಪುರಸಭೆಗಳನ್ನು ಒಳಗೊಂಡ ಒಂದು ಅಧ್ಯಯನ ಆಯಿತು. ಚಿಕ್ಕ ಮಕ್ಕಳ ಕಾರ್ಯಕ್ರಮಗಳ ಬಗ್ಗೆ ಅಧ್ಯಯನಗಳು ಏನು ಹೇಳುತ್ತವೆ ಅಂತ ತಿಳಿಯಲು ಅಲ್ಲಿನ ಮೇಯರುಗಳು, ಅಧಿಕಾರಿಗಳು ಅಧ್ಯಯನದವರು ತಮಗೆ ಕೊಟ್ಟಿದ್ದ ಲಾಟರಿ ಟಿಕೆಟ್ಟುಗಳನ್ನು ಬಿಟ್ಟುಕೊಡಲೂ ತಯಾರಿದ್ದರು. ಫಲಿತಾಂಶ ತಿಳಿದ ಮೇಲೆ ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಇನ್ನೊಂದು ಭಾಗದಲ್ಲಿ, ತೆರಿಗೆ ಕಟ್ಟಲು ನೆನಪಿಸುವ ಪತ್ರ ಕಳಿಸಿದರೆ ಲಾಭ ಇದೆ ಅನ್ನೋದನ್ನು ಮೇಯರುಗಳಿಗೆ ಮುಕ್ಕಾಲು ಗಂಟೆಯಲ್ಲಿ ವಿವರಿಸಿದರು. ಅಂಥ ಊರುಗಳಲ್ಲಿ ಅದನ್ನು ಜಾರಿ ಮಾಡಿದ ಪ್ರಮಾಣ ಉಳಿದ ಊರುಗಳಿಗಿಂತ 10 ಶೇಕಡಾ ಅಂಶ ಜಾಸ್ತಿ ಇತ್ತು. ಬರೀ ಮುಕ್ಕಾಲು ಗಂಟೆ, ಅರ್ಥವಾಗುವ ಮಾತು.

ಅದಕ್ಕೇ ಈ ಪತ್ರ ಓದುತ್ತಿರುವ ಶಿಕ್ಷಕರಿಗೆ, ಪ್ರೊಫೆಸರುಗಳಿಗೆ, ಪೋಷಕರಿಗೂ ಒಂದು ಮಾತು. ಆದೇಶ ಬಂದ ಮೇಲೆ ಬೈದುಕೊಂಡು ಕೂರೋದು ನಮಗೆಲ್ಲ ರೂಢಿ. ಬಜೆಟ್ಟಿಗೆ ಮೂರು ತಿಂಗಳು ಮೊದಲು ಹೋಗಿ. ಎರಡು ಪುಟ ಹಿಡಿದು ಹೋಗಿ. ನಿಮ್ಮ ವಾದಕ್ಕೆ ವಿರುದ್ಧ ಇರುವ ಅಧ್ಯಯನವನ್ನೂ ಜೊತೆಗೇ ಕೊಡಿ. ಒಂದು ಸಲ ಹಾಗೆ ಕೊಟ್ಟರೆ ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ. ಇದು ನಾನು ಕಚೇರಿಯಲ್ಲಿ ಕಣ್ಣಾರೆ ಕಂಡದ್ದು.

ಮಾನ್ಯರೇ, ಮುಂದಿನ ಸಲ ಶಾಲೆಗೆ ಹೋಗುವಾಗ ಸುದ್ದಿ ಕೊಡದೆ ಹೋಗಿ. ಫೋಟೋ ತೆಗೆಯುವವರನ್ನು ಹೊರಗೇ ಬಿಡಿ. ಮಕ್ಕಳು ಮೊದಲು ನೋಡಿರದ ಒಂದು ಸಣ್ಣ ಕಥೆಪುಸ್ತಕ ತಗೊಂಡು ಹೋಗಿ. ಕೊನೇ ಬೆಂಚಿನಲ್ಲಿ ಹತ್ತು ನಿಮಿಷ ಮಕ್ಕಳ ಪಕ್ಕ ಕೂರಿ. ಓದಲು ಬರದಿದ್ದರೆ ಮಗುವನ್ನು ಗದರಬೇಡಿ, ಶಿಕ್ಷಕಿಯನ್ನೂ ಗದರಬೇಡಿ. ಅಧಿಕಾರಿಗಳು ಆಚೆ ಹೋದ ಮೇಲೆ ಆಕೆಯನ್ನು ಕೇಳಿ: 'ಈ ಮಗುವಿಗೆ ಓದು ಕಲಿಸಬೇಕಾದರೆ ನಿಮ್ಮ ಯಾವ ಕೆಲಸ ಬಿಡಿಸಬೇಕು?'

ನಮ್ಮ ಶಾಲೆಯಲ್ಲಿ ಅವತ್ತು ನಾನು ಆ ಪ್ರಶ್ನೆಗೇ ಕಾಯುತ್ತಿದ್ದೆ. ಉತ್ತರ ನನ್ನ ಹತ್ತಿರ ಇತ್ತು.

ಇಂತಿ,
ನಿಮ್ಮ ವಿಶ್ವಾಸಿ,
ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ